ರಂಗಪದಗಳೂ ಶಾಲೆಯ ಹೊಣೆಯೂ

ಪ್ರತಿಯೊಂದು ಕಲೆಗೂ ತನ್ನದೇ ಆದ ನುಡಿಯುಂಟು. ರಂಗಕಲೆಯ ನುಡಿಯಂತೂ ಆ ಕಲೆಯ ಶತಮಾನಗಳ ಅನುಭವವನ್ನು ಕಾಪಿಟ್ಟ ಭಂಡಾರ. ಆದರೆ ಜಯನಗರ, ಬನಶಂಕರಿಗಳಂಥ ಬಡಾವಣೆಗಳ ಶಾಲಾ ವಾರ್ಷಿಕೋತ್ಸವಗಳಲ್ಲಿ ಇಂದು ಹೆಚ್ಚಾಗಿ ಕೇಳಿಬರುವುದು ‘ಸ್ಟೇಜ್’, ‘ಗ್ರೀನ್ ರೂಮ್’, ‘ಡೈರೆಕ್ಟರ್’ ಎಂಬ ಮಾತುಗಳೇ. ಇದು ಕೇವಲ ಭಾಷಾಭಿಮಾನದ ಪ್ರಶ್ನೆಯಲ್ಲ. ಪದದೊಡನೆ ಪದ್ಧತಿಯೂ ಮರೆಯಾಗುವ ಪ್ರಶ್ನೆ.

ಯಕ್ಷಗಾನದ ‘ಚೌಕಿ’ಯನ್ನು ‘ಗ್ರೀನ್ ರೂಮ್’ ಎಂದೊಡನೆ ಅರ್ಥದ ಬಹುಭಾಗ ಸೋರಿಹೋಗುತ್ತದೆ. ಚೌಕಿಯು ಬಣ್ಣ ಹಚ್ಚುವ ಎಡೆ ಮಾತ್ರವಲ್ಲ. ಅಲ್ಲಿ ಗಣಪತಿಯ ಪೂಜೆಯಾದ ಬಳಿಕವೇ ಆಟಕ್ಕೆ ಆರಂಭ. ಜಪಾನಿನ ‘ನೋ’ ನಾಟಕದಲ್ಲಿ ಇದಕ್ಕೆ ಸಮೀಪವಾದುದು ‘ಕಾಗಾಮಿ ನೋ ಮಾ’, ಎಂದರೆ ಕನ್ನಡಿಯ ಕೋಣೆ. ನಟನು ಅಲ್ಲಿ ಕನ್ನಡಿಯೆದುರು ಮುಖವಾಡ ಧರಿಸಿ, ‘ಹಾಶಿಗಾಕಾರಿ’ ಎಂಬ ಸೇತುವೆಯಂಥ ಹಾದಿಯಲ್ಲಿ ನಡೆದು ರಂಗಕ್ಕೆ ಬರುತ್ತಾನೆ. ವೇಷ ತೊಡುವುದೂ ಒಂದು ವ್ರತವೆಂಬ ಭಾವನೆ ಈ ಎರಡು ಪದಗಳಲ್ಲಿಯೂ ಅಡಗಿದೆ.

ಹಾಗೆಯೇ ಸಂಸ್ಕೃತ ನಾಟಕದ ಸೂತ್ರಧಾರ, ಯಕ್ಷಗಾನದ ಭಾಗವತ, ದೊಡ್ಡಾಟದ ಸಾರಥಿ ಈ ಮೂವರೂ ಒಂದೇ ಅಲ್ಲ. ಸೂತ್ರಧಾರನು ಪ್ರಸ್ತಾವನೆಯನ್ನು ನಡೆಸಿ ಮರೆಯಾಗುತ್ತಾನೆ. ಭಾಗವತನು ಹಾಡುತ್ತ, ತಾಳ ಹಿಡಿದು ಆಟವನ್ನೇ ಮುನ್ನಡೆಸುತ್ತಾನೆ. ಸಾರಥಿಯು ರಂಗಕ್ಕೆ ಬಂದ ಪಾತ್ರವನ್ನು ಪ್ರಶ್ನಿಸಿ, ಅದರ ಪರಿಚಯವನ್ನು ಅದರ ಬಾಯಿಂದಲೇ ಹೊರಡಿಸುತ್ತಾನೆ. ‘ಡೈರೆಕ್ಟರ್’ ಎಂಬ ಒಂದೇ ಮಾತು ಈ ಮೂವರಲ್ಲಿ ಯಾರನ್ನೂ ಹಿಡಿದುಕೊಡಲಾರದು.

ಅನ್ಯಭಾಷೆಯ ಪದಗಳೇ ಬೇಡವೆಂದು ಇದರ ಅರ್ಥವಲ್ಲ. ಪ್ರಾಚೀನ ಗ್ರೀಕರಲ್ಲಿ ‘ಆರ್ಕೆಸ್ಟ್ರಾ’ ಎಂದರೆ ಮೇಳದವರು ಕುಣಿಯುವ ಅಂಗಳ. ಇಂದು ಗಣೇಶೋತ್ಸವದ ಪೆಂಡಾಲಿನಲ್ಲಿ ಅದು ಹಾಡು ವಾದ್ಯಗಳ ತಂಡ. ಪದಗಳು ಸಂಚಾರಿಗಳು. ಹೊಸ ವಸ್ತುವಿನೊಡನೆ ಬಂದ ಹೊಸ ಪದವು ಅತಿಥಿ. ಇದ್ದ ಪದವನ್ನು ಹೊರದೂಡಿ ಬಂದರೆ ಮಾತ್ರ ನಷ್ಟ.

ನಟ ಶಂಕರ್ ನಾಗ್ ಅವರ ನೆನಪಿಗಾಗಿ, ಅರುಂಧತಿ ನಾಗ್ ಅವರ ಪರಿಶ್ರಮದಿಂದ 2004ರಲ್ಲಿ ಜೆ.ಪಿ. ನಗರದಲ್ಲಿ ಆರಂಭವಾದ ರಂಗಶಂಕರವು ನಾಡಿನ, ಹೊರನಾಡಿನ ನಾಟಕಗಳಿಗೆ ನೆಲೆಯಾಗಿದೆ. ಇಂಥ ರಂಗಮಂದಿರ ಸಮೀಪದಲ್ಲಿರುವಾಗ ಮಕ್ಕಳನ್ನು ನಾಟಕಕ್ಕೆ ಕರೆದೊಯ್ದರಷ್ಟೇ ಸಾಲದು. ಕಂಡುದನ್ನು ಹೆಸರಿಸುವ ನುಡಿಯನ್ನೂ ಅವರಿಗೆ ಕೊಡಬೇಕು. ಉಪಾಧ್ಯಾಯರು ತಾಲೀಮಿನಲ್ಲಿ ಹಿಮ್ಮೇಳ, ಮುಮ್ಮೇಳ, ಒಡ್ಡೋಲಗಗಳ ಅರ್ಥವನ್ನು ಮಾಡಿ ತೋರಿಸಲಿ. ರಂಗಭೂಮಿಯಲ್ಲಿ ದುಡಿದ ಹಳೆಯ ವಿದ್ಯಾರ್ಥಿಗಳು ಬಂದು ತಮ್ಮ ಕಸುಬಿನ ಮಾತುಗಳನ್ನು ಕಲಿಸಲಿ. ದಾನಿಗಳು ಕಟ್ಟಿಸಿಕೊಡುವ ಸಭಾಂಗಣದ ಒಳಬಾಗಿಲ ಮೇಲೆ ‘ನೇಪಥ್ಯ’ ಎಂಬ ಫಲಕವೊಂದು ಇರಲಿ. ಹೆಸರು ಬಲ್ಲ ಮಗುವು ವಸ್ತುವನ್ನೂ ಉಳಿಸಿಕೊಳ್ಳುತ್ತದೆ.