ನೆಲದೊಳಗಿನ ಕಲ್ಲಿದ್ದಲೆಲ್ಲ ಕೈಗೆ ಬರುವುದೆ?

ಮಧುಗಿರಿಯ ಏಕಶಿಲಾ ಬೆಟ್ಟದ ಬುಡವನ್ನು ಎಷ್ಟು ಆಳಕ್ಕೆ ಅಗೆದರೂ ಕಲ್ಲಿದ್ದಲು ದೊರೆಯಲಾರದು. ಈ ಬೆಟ್ಟವು ಸುಮಾರು 250 ಕೋಟಿ ವರ್ಷಗಳ ಹಿಂದೆ ಶಿಲಾರಸವು ಆರಿ ಗಟ್ಟಿಯಾದ ಕ್ಲೋಸ್‌ಪೇಟೆ ಗ್ರಾನೈಟಿನ ಸಾಲಿಗೆ ಸೇರಿದುದು. ಭಾರತದ ಮುಖ್ಯ ಕಲ್ಲಿದ್ದಲು ಪದರಗಳಾದರೋ ಸುಮಾರು 25ರಿಂದ 30 ಕೋಟಿ ವರ್ಷಗಳ ಹಿಂದಿನ ಸಸ್ಯಗಳ ಅವಶೇಷ. ಹಾಗೆಂದು ಕಲ್ಲಿದ್ದಲಿನ ಲೆಕ್ಕ ಈ ಸೀಮೆಗೆ ಸಂಬಂಧಿಸಿದುದಲ್ಲವೆನ್ನಲಾಗದು. ಪಾವಗಡದ ತಿರುಮಣಿಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆಯಷ್ಟೆ. ಆದರೆ ಹೊತ್ತು ಮುಳುಗಿದ ಮೇಲೆ ನಮ್ಮ ದೀಪಗಳು ರಾಯಚೂರಿನ ಶಕ್ತಿನಗರದಂಥ ಸ್ಥಾವರಗಳನ್ನೂ ನೆಚ್ಚಿಕೊಂಡಿವೆ. ಅವುಗಳಿಗೆ ಬೇಕಾದ ಕಲ್ಲಿದ್ದಲು ನಾಡಿನ ಹೊರಗಿನಿಂದಲೇ ಬರಬೇಕು.

2022ರ ಏಪ್ರಿಲ್‌ನ ಗಣನೆಯಂತೆ ಭಾರತದ ಕಲ್ಲಿದ್ದಲು ಸಂಪತ್ತು ಸುಮಾರು 36,100 ಕೋಟಿ ಟನ್. ಇದನ್ನು ಓದಿದವರು ವರ್ಷದ ಬಳಕೆಯಿಂದ ಭಾಗಿಸಿ, ಶತಮಾನಗಳ ಚಿಂತೆ ತೀರಿತೆಂದು ನೆಮ್ಮದಿಗೊಳ್ಳುವುದುಂಟು. ಈ ನೆಮ್ಮದಿ ತಪ್ಪೆಂಬುದೇ ನಮ್ಮ ಅಭಿಪ್ರಾಯ. ಆ ಮೊತ್ತದಲ್ಲಿ ರುಜುವಾತಾದುದು ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ; ಅದೂ ನೆಲದಲ್ಲಿರುವುದರ ಲೆಕ್ಕವೇ ಹೊರತು ಮೇಲಕ್ಕೆ ತರಬಹುದಾದುದರ ಲೆಕ್ಕವಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಂದು ಚದರ ಕಿಲೋಮೀಟರ್ ವಿಸ್ತಾರ, 3 ಮೀಟರ್ ದಪ್ಪದ ಪದರ. ಕಲ್ಲಿದ್ದಲಿನ ಸಾಪೇಕ್ಷ ಸಾಂದ್ರತೆಯನ್ನು 1.4 ಎಂದಿಟ್ಟುಕೊಂಡರೆ ಒಟ್ಟು 42 ಲಕ್ಷ ಟನ್. ಕೊಳವೆ ಬಾವಿಗಳ ನಡುವೆ ಪದರವು ತೆಳುವಾಗಿರಬಹುದು, ಸ್ತರಭಂಗದಿಂದ ಕಡಿದಿರಬಹುದು. ಅದಕ್ಕಾಗಿ ಶೇಕಡ 10 ಕಳೆದರೆ ಉಳಿದುದು ಸುಮಾರು 38 ಲಕ್ಷ. ಇನ್ನು ಸುರಂಗದ ಚಾವಣಿ ಕುಸಿಯದಂತೆ ಕಲ್ಲಿದ್ದಲಿನ ಕಂಬಗಳನ್ನೇ ಬಿಡಬೇಕು. ಕಂಬಗಳ ನಡುಬಿಂದುಗಳಿಗೆ 25 ಮೀಟರ್ ಅಂತರವಿದ್ದು, ಓಣಿಗಳು 4 ಮೀಟರ್ ಅಗಲವಿದ್ದರೆ ಮೊದಲ ಸುತ್ತಿನಲ್ಲಿ ಬರುವುದು 11 ಲಕ್ಷ ಟನ್ ಮಾತ್ರ. ಬಳಿಕ ಹಿಮ್ಮೆಟ್ಟುತ್ತ ಕಂಬಗಳ ಮೂರರಲ್ಲೆರಡು ಪಾಲನ್ನು ತೆಗೆಯಲು ಸಾಧ್ಯವಾದರೆ ಒಟ್ಟು 29 ಲಕ್ಷ. ಆದರೆ ಮೇಲೆ ಊರೋ ಕೆರೆಯೋ ರೈಲುಹಾದಿಯೋ ಇದ್ದರೆ? ಖಾಲಿಯಾದೆಡೆ ಮರಳು ತುಂಬಿಸಬೇಕು. ಇಲ್ಲವೆ 11 ಲಕ್ಷಕ್ಕೇ ತೃಪ್ತರಾಗಬೇಕು. ಪದರ ಅದೇ, ಲೆಕ್ಕ ಬೇರೆ.

ನಮ್ಮ ಹಿರಿಯರು ಹಗೇವಿನ ರಾಗಿಯನ್ನು ಅಳೆಯುವಾಗ ಗೋಡೆಗಂಟಿ ಮುಗ್ಗಿದ ಕಾಳನ್ನು ಊಟದ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಆ ವಿವೇಕ ಗಣಿಗೂ ಬೇಕು. ಬೆಲೆಯ ಮಾತೂ ಉಂಟು: ಕೋಲಾರದ ಚಿನ್ನದ ಗಣಿಗಳನ್ನು 2001ರಲ್ಲಿ ಮುಚ್ಚಿದಾಗ ನೆಲದಲ್ಲಿ ಚಿನ್ನವೆಲ್ಲ ತೀರಿರಲಿಲ್ಲ, ತೆಗೆಯುವ ವೆಚ್ಚವು ಬಂದ ಚಿನ್ನದ ಬೆಲೆಯನ್ನು ಮೀರಿತ್ತು.

ಆದುದರಿಂದ ಜನರ ಮುಂದಿಡುವ ಪ್ರತಿಯೊಂದು ವರದಿಯಲ್ಲಿಯೂ ಮೂರು ಅಂಕಿಗಳು ಜೊತೆಯಾಗಿರಬೇಕೆಂದು ನಾವು ಹೇಳುತ್ತೇವೆ: ನೆಲದಲ್ಲಿರುವುದೆಷ್ಟು, ಗಣಿ ತೋಡಲು ಯೋಗ್ಯವಾದುದೆಷ್ಟು, ಕೈಗೆ ಬರುವುದೆಷ್ಟು. ಮೊದಲನೆಯದನ್ನಷ್ಟೇ ತೋರಿಸುವುದು ಕನ್ನಡಿಯೊಳಗಿನ ಗಂಟನ್ನು ತೋರಿಸಿದಂತೆ. ಕಂಬಗಳನ್ನು ಮರೆತು ಮಾಡಿದ ಲೆಕ್ಕವು ಗಣಿಯ ಅಧಿಕಾರಿಯನ್ನು ಆ ಕಂಬಗಳಿಗೇ ಕೈಹಾಕುವಂತೆ ಒತ್ತಾಯಿಸೀತು. ಆಗ ಅದರ ಬೆಲೆಯನ್ನು ತೆರುವವನು ಚಾವಣಿಯ ಕೆಳಗೆ ದುಡಿಯುವ ಕಾರ್ಮಿಕ. ಸರಿಯಾದ ಅಂದಾಜು ಅವನಿಗೂ ರಕ್ಷೆ, ನಮಗೂ ಎಚ್ಚರಿಕೆ.