ಏಳು ಲಕ್ಷ ಸೈನ್ಯ ಅಂತೀರಲ್ಲ, ಊಟ ಯಾರು ಹಾಕಿದ್ರು?

1/6
ರಾಯಚೂರು ಯುದ್ಧ, 1520. ಕೃಷ್ಣದೇವರಾಯನ ಕಡೆ 7,03,000 ಕಾಲಾಳು, 32,600 ಕುದುರೆ, 551 ಆನೆ. ಈ ಲೆಕ್ಕ ಇರೋ ರೀಲ್ ನಿಮ್ಮ ಫೀಡ್‌ಗೂ ಬಂದಿರುತ್ತೆ. ಬರೆದವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಯುದ್ಧ ಮುಗಿದು ಸುಮಾರು ಹದಿನೈದು ವರ್ಷ ಆದ್ಮೇಲೆ. ನಾವು ಬಿಜಿಎಂ ಕೇಳಿ, ಹಾರ್ಟ್ ಒತ್ತಿ, ಶೇರ್ ಮಾಡ್ತೀವಿ. ಕಾಮರ್ಸ್ ಓದೋರು ಕಣ್ರೋ ನಾವು! ಸ್ಟಾಕ್ ರಿಜಿಸ್ಟರ್ ನೋಡದೆ ಬ್ಯಾಲೆನ್ಸ್ ಶೀಟ್ ಒಪ್ಕೋತೀವಾ?

2/6
ಬನ್ನಿ, ಲೆಕ್ಕ ಹಾಕೋಣ. ಒಬ್ಬನಿಗೆ ದಿನಕ್ಕೆ ಮುಕ್ಕಾಲು ಕೆಜಿ ಧಾನ್ಯ ಅಂದ್ರೂ ಏಳು ಲಕ್ಷ ಜನಕ್ಕೆ 525 ಟನ್. ಕುದುರೆಗೆ ನಾಲ್ಕು ಕೆಜಿ ಹುರುಳಿ ಅಂದ್ರೆ ಇನ್ನೂ 130 ಟನ್. ಆನೆ, ಅಡುಗೆಯವರು, ಹೇರೆತ್ತು ಯಾವುದನ್ನೂ ಸೇರಿಸಿಲ್ಲ. ಒಟ್ಟು 655 ಟನ್, ಒಂದೇ ದಿನಕ್ಕೆ. ಬಂಗಾರಪೇಟೆ ಜಂಕ್ಷನ್‌ನಲ್ಲಿ ನಿಲ್ಲೋ ಗೂಡ್ಸ್ ಗಾಡಿಯ ಹನ್ನೊಂದು ವ್ಯಾಗನ್ ತುಂಬುತ್ತೆ. ಆಗ ರೈಲಿಲ್ಲ. ಒಂದು ಎತ್ತು ನೂರು ಕೆಜಿ ಹೊತ್ರೆ ದಿನಕ್ಕೆ 6,550 ಎತ್ತು. ಇಪ್ಪತ್ತು ದಿನದ ದಾಸ್ತಾನಿಗೆ 1,31,000 ಎತ್ತು. ಆ ಎತ್ತುಗಳಿಗೆ ಮೇವು?

3/6
ಈಗ ರಸ್ತೆ. ನಾಲ್ಕು ಜನ ಅಕ್ಕಪಕ್ಕ, ಸಾಲಿಗೂ ಸಾಲಿಗೂ ಒಂದೇ ಮೀಟರ್ ಅಂತರ ಇಟ್ರೂ ಬರೀ ಕಾಲಾಳುಗಳ ಸಾಲು 175 ಕಿ.ಮೀ. ಅಂದ್ರೆ ಮುಂದಿನವನು ಬೆಂಗಳೂರು ದಾಟಿ ಮಂಡ್ಯ ಮುಟ್ಟಿದಾಗ ಹಿಂದಿನವನು ಇನ್ನೂ ಬಂಗಾರಪೇಟೆಯಲ್ಲೇ ಚಪ್ಪಲಿ ಹುಡುಕ್ತಿರ್ತಾನೆ. ಪರ್ಷಿಯಾದ ಕ್ಸರ್ಕ್ಸಿಸ್ ಗ್ರೀಸ್ ಮೇಲೆ 17 ಲಕ್ಷ ಕಾಲಾಳು ತಂದ ಅಂತ ಹೆರೊಡೋಟಸ್ ಬರೆದ. ಜರ್ಮನ್ ಇತಿಹಾಸಕಾರ ಡೆಲ್‌ಬ್ರುಕ್ ಆ ಸಂಖ್ಯೆ ಬೀಳಿಸಿದ್ದೂ ಇಂಥದೇ ಸಾಲಿನ ಲೆಕ್ಕದಿಂದ. ಬೇರೆ ಬೇರೆ ದಾರೀಲಿ ಹೋಗಿರಬಹುದಲ್ವಾ ಅಂತೀರಾ? ಹೋಗ್ಲಿ. ಮುತ್ತಿಗೆಗೆ ಎಲ್ಲರೂ ಒಂದೇ ಕಡೆ ಕೂರಬೇಕು. ಕೃಷ್ಣೆ ನೀರು ಕೊಡ್ತಾಳೆ, ಅಕ್ಕಿ ಕೊಡಲ್ಲ. ಕೂತು ಉಣ್ಣೋನಿಗೆ ಕುಡಿಕೆ ಹೊನ್ನು ಸಾಲದು ಅಂತ ಹಿರಿಯರು ಸುಮ್ನೆ ಹೇಳಿದ್ರಾ?

4/6
ಇದು ಬರೀ ಕಾಗದದ ಲೆಕ್ಕ ಅನ್ನೋರಿಗೆ ನಮ್ಮ ಕೋಲಾರವೇ ಸಾಕ್ಷಿ. 1791ರಲ್ಲಿ ಕಾರ್ನ್‌ವಾಲಿಸ್ ಸುಮಾರು 20 ಸಾವಿರ ಸೈನ್ಯದ ಜೊತೆ ಘಟ್ಟ ಹತ್ತಿ ಕೋಲಾರ, ಹೊಸಕೋಟೆ ತಗೊಂಡು, ಮಾರ್ಚ್ 21ಕ್ಕೆ ಬೆಂಗಳೂರು ಕೋಟೆ ಹಿಡಿದ. ನಿಜಾಮನ ಕುದುರೆಪಡೆಯೂ ಬಂದು ಸೇರ್ಕೊಂಡ್ತು. ಟಿಪ್ಪು ದಾರಿಯ ಮೇವು ಸುಟ್ಟು, ಹಳ್ಳಿ ಖಾಲಿ ಮಾಡಿಸಿದ. ಮೇ 15ಕ್ಕೆ ಶ್ರೀರಂಗಪಟ್ಟಣದ ಹತ್ರ ಅರಕೆರೆಯಲ್ಲಿ ಯುದ್ಧ ಗೆದ್ದದ್ದು ಕಾರ್ನ್‌ವಾಲಿಸ್. ಆದ್ರೆ ಎತ್ತು ಸತ್ತಿದ್ವು, ಅಕ್ಕಿ ಮುಗಿದಿತ್ತು. ಗೆದ್ದವನೇ ತನ್ನ ಮುತ್ತಿಗೆ ಫಿರಂಗಿಗಳನ್ನ ಹಾಳುಮಾಡಿ ವಾಪಸ್ ಹೊರಟ. ಮುಂದಿನ ವರ್ಷ ದವಸದ ವ್ಯವಸ್ಥೆ ಸರಿಮಾಡ್ಕೊಂಡು ಬಂದ. ಆ ದವಸ ಎತ್ತಿನ ಮೇಲೆ ಹೊತ್ತು ತಂದವರಲ್ಲಿ ದೊಡ್ಡ ಪಾಲು ಬಂಜಾರರು, ಅಂದ್ರೆ ನಮ್ಮ ಲಂಬಾಣಿಗಳು. 1792ರ ಮಾರ್ಚ್‌ನಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ. 20 ಸಾವಿರಕ್ಕೇ ಈ ಪಾಡು. ಏಳು ಲಕ್ಷಕ್ಕೆ?

5/6
"ಹಂಗಾದ್ರೆ ರಾಯರಿಗೆ ಅವಮಾನ ಮಾಡ್ತಿದ್ದೀಯಾ?" ಕಾಮೆಂಟ್ ಬರುತ್ತೆ, ಗೊತ್ತು. ಅವಮಾನ ಮಾಡ್ತಿರೋದು ರೀಲ್. ಅದೇ ನೂನಿಜ್, ಬಾಯಾರಿಕೆಯಿಂದ ಯಾರೂ ಸಾಯಬಾರದು ಅಂತ ದಾರಿಯುದ್ದಕ್ಕೂ ನಿಂತಿದ್ದ 12 ಸಾವಿರ ನೀರಿನವರ ಬಗ್ಗೆ ಬರೀತಾನೆ. ದಂಡಿನ ಜೊತೆ ನಡೆದ ಬಜಾರು, ಅಗಸರು, ವ್ಯಾಪಾರಿಗಳ ಬಗ್ಗೆ ಬರೀತಾನೆ. ಆ 12 ಸಾವಿರವನ್ನೂ ಕಣ್ಮುಚ್ಚಿ ನಂಬಬೇಡಿ. ಆದ್ರೆ ಯುದ್ಧ ನಡೆದದ್ದು ಇಂಥವರ ಬೆನ್ನ ಮೇಲೆ ಅನ್ನೋದು ನಿಜ. ಅವರಿಗೆ ಬಿಜಿಎಂ ಹಾಕಿದ ಒಂದು ರೀಲ್ ತೋರಿಸಿ ನೋಡೋಣ.

6/6
ಕೆಜಿಎಫ್ ಹುಡುಗ್ರಿಗೆ ಇದನ್ನ ಬಿಡಿಸಿ ಹೇಳ್ಬೇಕಾ? ಚಿನ್ನ ಇಷ್ಟು ಟನ್ ಬಂತು ಅಂತ ಊರೆಲ್ಲಾ ಹೇಳುತ್ತೆ. ಬೇತಮಂಗಲದಿಂದ ಪೈಪ್‌ನಲ್ಲಿ ನೀರು ಬರದಿದ್ರೆ ಗಣಿ ಕಾಲೋನಿಗಳ ಒಲೆಯೇ ಹತ್ತುತ್ತಿರಲಿಲ್ಲ ಅಂತ ಯಾರು ಹೇಳ್ತಾರೆ? ದೊಡ್ಡ ಸಂಖ್ಯೆ ಒಬ್ಬ ರಾಜನ ಹೆಸರಿಗೆ ಹೋಗುತ್ತೆ, ಹೊತ್ತವರ ಹೆಸರು ಅಳಿಸುತ್ತೆ. ಆಮೇಲೆ ಅದೇ ಸಂಖ್ಯೆ ಹಿಡ್ಕೊಂಡು ನಮ್ಮ ರಾಜ ದೊಡ್ಡವನು, ನಿಮ್ಮ ರಾಜ ದೊಡ್ಡವನು ಅಂತ ಕ್ಲಾಸ್ ಗ್ರೂಪ್‌ನಲ್ಲೇ ಕಿತ್ತಾಡ್ತೀವಿ.

ಇನ್ಮೇಲೆ ಯಾರಾದ್ರೂ ಲಕ್ಷಗಟ್ಟಲೆ ಸೈನ್ಯ ಅಂದ್ರೆ ಒಂದೇ ಪ್ರಶ್ನೆ ಕೇಳಿ: ಎತ್ತು ಎಷ್ಟಿದ್ವು? ಉತ್ತರ ಬರೋವರೆಗೂ ಶೇರ್ ಮಾಡಬೇಡಿ. ನನ್ನ ಲೆಕ್ಕ ತಪ್ಪು ಅನ್ನಿಸಿದ್ರೆ ಕ್ಯಾಲ್ಕುಲೇಟರ್ ತಗೊಂಡು ಕಾಮೆಂಟ್‌ಗೆ ಬನ್ನಿ, ಬೈಗುಳ ತಗೊಂಡು ಬರಬೇಡಿ.

#ಎತ್ತುಎಷ್ಟಿದ್ವು #ಕೋಲಾರ #ಕೆಜಿಎಫ್ #ಬಂಗಾರಪೇಟೆ