ಹೊರಗೋಡೆಯ ಹಳೇ ಸಾಕೆಟ್: ಮನೆಯವರೇ ಬದಲಿಸಬಹುದೇ?

ಸಂಪಿನ ಪಕ್ಕ, ಕಾರು ನಿಲ್ಲಿಸುವ ಜಾಗದ ಗೋಡೆ, ಹಿತ್ತಲ ಕಟ್ಟೆಯ ವಾಷಿಂಗ್ ಮಷೀನಿನ ಹಿಂದೆ: ಮಳೆಬಿಸಿಲಿಗೆ ಮೈಯೊಡ್ಡಿದ ಪ್ಲಗ್ ಪಾಯಿಂಟ್ ಇಲ್ಲದ ಮನೆ ಕಡಿಮೆ. ಅದು ಸವೆದು ಹಾಳಾದಾಗ ಮನೆಯವರೇ ಸ್ಕ್ರೂಡ್ರೈವರ್ ಹಿಡಿಯಬಹುದೇ? ಅಥವಾ ಲೈಸೆನ್ಸ್ ಇದ್ದವರನ್ನೇ ಕರೆಸಬೇಕೇ?

ಪರ: ಅವರಿವರಿಗೆ ಕಾಯುತ್ತ ಕೂತರೇ ಅಪಾಯ

ಹೊರಗಿನ ಸಾಕೆಟ್ ಒಂದೇ ದಿನಕ್ಕೆ ಕೆಡುವುದಿಲ್ಲ. ಮೊದಲು ಮುಚ್ಚಳ ಸಡಿಲವಾಗಿ ಅರೆತೆರೆದುಕೊಂಡೇ ಇರುತ್ತದೆ. ಆಮೇಲೆ ಪಿನ್ ಬಿಗಿಯಾಗಿ ಕೂರುವುದಿಲ್ಲ, ಕಾರು ತೊಳೆಯುವ ಪಂಪು ಹಚ್ಚಿದರೆ ಒಳಗೆ ಚರಚರ ಸದ್ದು. ಕೊನೆಗೆ ಒಂದು ತೂತಿನ ಸುತ್ತ ಪ್ಲಾಸ್ಟಿಕ್ ಕಂದುಗಟ್ಟಿ ಸುಟ್ಟ ವಾಸನೆ ಬರುತ್ತದೆ. ಇಷ್ಟೆಲ್ಲ ಕಂಡೂ ಅದು ವರ್ಷಗಟ್ಟಲೆ ಹಾಗೇ ಉಳಿಯುವುದೇಕೆ? ಒಂದೇ ಒಂದು ಸಾಕೆಟ್ಟಿಗಾಗಿ ಯಾವ ಎಲೆಕ್ಟ್ರಿಷಿಯನ್ನೂ ಬೇಗ ಬರುವುದಿಲ್ಲ. ‘ಇನ್ನೆರಡು ಕೆಲಸ ಕೂಡಿಸಿಟ್ಟುಕೊಳ್ಳಿ, ಒಟ್ಟಿಗೇ ಮಾಡೋಣ’ ಎನ್ನುತ್ತಾರೆ. ಅಷ್ಟರಲ್ಲಿ ಮುಂಗಾರು ಬಾಗಿಲಿಗೆ ಬಂದಿರುತ್ತದೆ.

ಕಾನೂನು ಅಡ್ಡ ಬರುತ್ತದೆ ಎನ್ನುವವರು ಅದನ್ನು ಪೂರ್ತಿ ಓದಬೇಕು. ವೈರಿಂಗ್ ಕೆಲಸ ಲೈಸೆನ್ಸ್ ಇರುವ ಗುತ್ತಿಗೆದಾರರಿಂದಲೇ ಆಗಬೇಕು ಎಂದು 1956ರ ಭಾರತೀಯ ವಿದ್ಯುತ್ ನಿಯಮಗಳು ಹೇಳಿದ್ದವು, ಆಮೇಲೆ ಬಂದ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮಗಳೂ ಅದನ್ನೇ ಹೇಳುತ್ತವೆ. ಆದರೆ ಅಲ್ಲೇ ಒಂದು ವಿನಾಯಿತಿಯೂ ಇದೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು, ಫಿಟಿಂಗುಗಳನ್ನು ಸಾಮರ್ಥ್ಯವೂ ಸ್ವರೂಪವೂ ಬದಲಾಗದಂತೆ ಹೊಸದಾಗಿ ಹಾಕಿಕೊಳ್ಳುವುದಕ್ಕೆ ಲೈಸೆನ್ಸ್ ಬೇಕಿಲ್ಲ. 6 ಆಂಪಿಯರ್ ಸಾಕೆಟ್ ತೆಗೆದು ಅದೇ ಜಾಗಕ್ಕೆ 6 ಆಂಪಿಯರ್‌ನದನ್ನೇ ಕೂರಿಸುವುದು ಈ ಮಾತಿನ ಒಳಗೇ ಬರುತ್ತದೆ.

ಕೆಲಸದ ಕ್ರಮವೇನೂ ಗುಟ್ಟಿನದಲ್ಲ. ಕರೆಂಟ್ ಇರುವ ಒಂದು ಪಾಯಿಂಟಿನಲ್ಲಿ ಟೆಸ್ಟರ್ ಉರಿಯುತ್ತದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಆಮೇಲೆ ಮೇನ್ ಸ್ವಿಚ್ಚನ್ನೇ ಆಫ್ ಮಾಡಬೇಕು. ಸಾಕೆಟ್ ಪಕ್ಕದ ಸ್ವಿಚ್ಚನ್ನು ನಂಬಿ ಕೈಯಿಡಬಾರದು. ಇನ್ವರ್ಟರ್ ಇದ್ದರೆ ಅದನ್ನೂ ನಿಲ್ಲಿಸಬೇಕು. ಮೂರೂ ತೂತಿಗೆ ಟೆಸ್ಟರ್ ಹಿಡಿದು ನೋಡಿದ ಮೇಲೆಯೇ ಸ್ಕ್ರೂ ಬಿಚ್ಚುವುದು. ತಂತಿ ಕಳಚುವ ಮೊದಲು ಮೊಬೈಲಿನಲ್ಲೊಂದು ಫೋಟೊ. ಎದುರಿನಿಂದ ನೋಡಿದರೆ ಫೇಸ್ ಬಲಕ್ಕೆ, ನ್ಯೂಟ್ರಲ್ ಎಡಕ್ಕೆ, ಮೇಲಿನ ದಪ್ಪ ತೂತು ಅರ್ಥಿಂಗಿಗೆ. ಹಿಂಬದಿಯಲ್ಲಿ ಎಲ್, ಎನ್, ಇ ಎಂದು ಅಚ್ಚೊತ್ತಿಯೇ ಇರುತ್ತದೆ. ಐಎಸ್‌ಐ ಗುರುತಿನ ಸಾಕೆಟ್ ತಂದು, ಐಪಿ 55ಕ್ಕೆ ಕಡಿಮೆಯಿಲ್ಲದ ಮುಚ್ಚಳದ ಪೆಟ್ಟಿಗೆಯಲ್ಲಿ ಕೂರಿಸಿದರೆ ಧೂಳಿಗೂ ಎರಚಲಿಗೂ ತಡೆ ಸಿಗುತ್ತದೆ.

ಇದರಲ್ಲಿ ಇನ್ನೊಂದು ಲಾಭವಿದೆ. ಯಾವ ಎಂಸಿಬಿ ಯಾವ ಕೋಣೆಯದು ಎಂದು ಗೊತ್ತಿಲ್ಲದ ಮನೆಗಳೇ ಹೆಚ್ಚು. ಶಾಕ್ ಹೊಡೆದವರನ್ನು ಬಿಡಿಸಬೇಕಾದ ಗಳಿಗೆಯಲ್ಲಿ ಆ ಮನೆಯವರು ಬೋರ್ಡಿನ ಮುಂದೆ ತಡಕಾಡುತ್ತಾರೆ. ಒಮ್ಮೆ ತಾವೇ ಸಾಕೆಟ್ ಬದಲಿಸಿದವರಿಗೆ ಆ ಬೋರ್ಡು ಅಪರಿಚಿತವಾಗಿ ಉಳಿಯುವುದಿಲ್ಲ.

ವಿರೋಧ: ಕೆಟ್ಟಿರುವುದು ಸಾಕೆಟ್ ಒಂದೇ ಎಂದು ಹೇಳಿದವರಾರು?

ಬಿಚ್ಚುವುದು ಸುಲಭ ಎಂಬುದನ್ನು ನಾನೂ ಒಪ್ಪುತ್ತೇನೆ. ಬಿಚ್ಚಿದ ಮೇಲೆ ಕಾಣುವುದನ್ನು ನೋಡಿ. ಹಿತ್ತಾಳೆಯ ಟರ್ಮಿನಲ್ ಮೇಲೆ ಹಸಿರು ಕಿಲುಬು. ಮೂಲೆಯಲ್ಲಿ ಇರುವೆಗಳು ತಂದಿಟ್ಟ ಮಣ್ಣು. ಪೈಪಿನ ಬಾಯಲ್ಲಿ ನೀರಿನ ಪಸೆ. ತಂತಿಯನ್ನು ತುಸು ಬಗ್ಗಿಸಿದರೆ ಮೇಲಿನ ಹೊದಿಕೆ ಬಿರಿದು ಉದುರುತ್ತದೆ. ಆ ನೀರು ಮುಚ್ಚಳದ ಸಂದಿಯಿಂದ ನುಗ್ಗಿತೋ, ಗೋಡೆಯೊಳಗಿನ ಪೈಪಿನಲ್ಲಿ ಇಳಿದು ಬಂತೋ? ಪೈಪಿನಿಂದ ಬಂದಿದ್ದರೆ ಐಪಿ 66 ಪೆಟ್ಟಿಗೆ ತಂದರೂ ಹೊಸ ಸಾಕೆಟ್ಟಿಗೆ ಹಳೆಯದರ ಗತಿಯೇ. ತೂತು ಸುಟ್ಟಿದ್ದು ಹಿಡಿತ ಸಡಿಲಾಗಿಯೋ, 1.5 ಚದರ ಮಿಲಿಮೀಟರಿನ ತಂತಿಯ ಮೇಲೆ ಭಾರದ ಯಂತ್ರ ಓಡಿಸಿಯೋ? ಹೊದಿಕೆ ಎಷ್ಟು ಗಟ್ಟಿಯಿದೆ ಎಂದು ಹೇಳಬಲ್ಲದ್ದು ಮೆಗ್ಗರ್. ಅಂಗಡಿಯಲ್ಲಿ ಸಿಗುವ ಟೆಸ್ಟರ್‌ಗೆ ಅದು ತಿಳಿಯದು.

ಅರ್ಥಿಂಗಿನ ಕಥೆ ಇನ್ನೂ ಕಷ್ಟದ್ದು. ಹಸಿರು ತಂತಿ ಕಂಡ ಮಾತ್ರಕ್ಕೆ ಅರ್ಥಿಂಗ್ ಸರಿಯಿದೆ ಎನ್ನಲಾಗದು. ಇದ್ದಿಲು, ಉಪ್ಪು ತುಂಬಿದ ಹಳೆಯ ಗುಂಡಿ ಬೇಸಿಗೆಯಲ್ಲಿ ಒಣಗುತ್ತದೆ, ಪೈಪನ್ನು ಅದೇ ಉಪ್ಪು ತಿಂದುಹಾಕಿರುತ್ತದೆ. ಗುಂಡಿಯೇ ಇಲ್ಲದ ಕಡೆ ಸಾಕೆಟ್ಟಿನ ಹಿಂದೆ ನ್ಯೂಟ್ರಲ್‌ನಿಂದ ಅರ್ಥಿಂಗ್ ಟರ್ಮಿನಲ್ಲಿಗೆ ಒಂದು ತುಂಡು ತಂತಿ ಎಳೆದು ಕೈತೊಳೆದುಕೊಂಡವರಿದ್ದಾರೆ. ದಾರಿಯಲ್ಲೆಲ್ಲೋ ನ್ಯೂಟ್ರಲ್ ಕಡಿದುಹೋದರೆ, ಪ್ಲಗ್ ಹಾಕಿದ ಯಂತ್ರದ ಲೋಹದ ಮೈಗೇ 230 ವೋಲ್ಟ್ ಹರಿಯುತ್ತದೆ. ಹಳೆಯ ಜೋಡಣೆಯ ಫೋಟೊ ತೆಗೆದು ಹಾಗೇ ಮತ್ತೆ ಕೂರಿಸಿದರೆ ಈ ತುಂಡು ತಂತಿಯೂ ಅಚ್ಚುಕಟ್ಟಾಗಿ ಹೊಸ ಸಾಕೆಟ್ಟಿಗೆ ಸೇರಿಬಿಡುತ್ತದೆ.

ಸುರಕ್ಷತೆಯ ನಿಜವಾದ ಮಾತು ಆರ್‌ಸಿಸಿಬಿಯದು. 16 ಆಂಪಿಯರಿನ ಎಂಸಿಬಿ ಇರುವುದು ತಂತಿಯನ್ನು ಕಾಯುವುದಕ್ಕೆ. ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತವರ ಜೀವ ತೆಗೆಯಲು ಅದರ ನೂರನೇ ಒಂದು ಪಾಲಿಗಿಂತಲೂ ಕಡಿಮೆ ಕರೆಂಟ್ ಸಾಕು, ಅಷ್ಟಕ್ಕೆ ಎಂಸಿಬಿ ಅಲುಗುವುದೂ ಇಲ್ಲ. ಹೋದ ಕರೆಂಟಿಗೂ ಮರಳಿದ ಕರೆಂಟಿಗೂ 30 ಮಿಲಿಆಂಪಿಯರ್ ವ್ಯತ್ಯಾಸ ಬಂದೊಡನೆ ಬೀಳುವ ಆರ್‌ಸಿಸಿಬಿಯೇ ಅಲ್ಲಿ ದಿಕ್ಕು. ಹೊರಗಿನ ಸಾಕೆಟ್ಟಿಗೆ ಆ ರಕ್ಷಣೆ ಇಲ್ಲದಿದ್ದರೆ ಹೊಸ ಪ್ಲಾಸ್ಟಿಕ್ ಹಾಕಿ ಪ್ರಯೋಜನವೇನು? ಹಾಕಿಸಹೊರಟರೆ ಮನೆಯ ವೈರಿಂಗಿನ ಸ್ವರೂಪವೇ ಬದಲಾಗುತ್ತದೆ, ಎದುರು ವಾದಿ ತೋರಿಸಿದ ವಿನಾಯಿತಿ ಅಲ್ಲಿಗೆ ಮುಗಿಯಿತು. 6 ಆಂಪಿಯರ್ ಜಾಗಕ್ಕೆ 16 ಆಂಪಿಯರ್ ಹಾಕುವವರ ಮಾತೂ ಇಷ್ಟೇ. ಇನ್ವರ್ಟರಿನ ನ್ಯೂಟ್ರಲ್ ಲೈನಿನದರ ಜೊತೆ ಬೆರೆತಿದ್ದರೆ ಆರ್‌ಸಿಸಿಬಿ ಕಾರಣ ತಿಳಿಯದಂತೆ ಪದೇ ಪದೇ ಬೀಳುತ್ತದೆ. ಬೇಸತ್ತವರು ಅದನ್ನೇ ಬೈಪಾಸ್ ಮಾಡಿಬಿಡುತ್ತಾರೆ. ಆ ಗಂಟು ಬಿಡಿಸಲು ಇಡೀ ಮನೆಯ ವೈರಿಂಗ್ ಬಲ್ಲವರು ಬೇಕು.

ಕಾಯುವುದರಲ್ಲಿ ಅಪಾಯ ಎಂಬ ಮಾತಿಗೆ ಉತ್ತರ ಬೋರ್ಡಿನಲ್ಲೇ ಇದೆ. ಆ ಸಾಕೆಟ್ಟಿನ ಎಂಸಿಬಿ ಆಫ್ ಮಾಡಿ, ಯಾರೂ ಎತ್ತದಂತೆ ಟೇಪ್ ಸುತ್ತಿ. ನಷ್ಟವಾಗುವುದು ಒಂದೆರಡು ಸಲ ಕಾರು ತೊಳೆಯುವುದಷ್ಟೇ.

ಎಲೆಕ್ಟ್ರಿಷಿಯನ್ ಎಂದು ಬಂದವರೆಲ್ಲ ಬಲ್ಲವರಲ್ಲ ಎನ್ನುವುದೂ ನಿಜ. ವಿದ್ಯುತ್ ಪರಿವೀಕ್ಷಣಾಲಯ ಕೊಟ್ಟ ಪರ್ಮಿಟ್ ಇದೆಯೇ ಎಂದು ಕೇಳಿ, ಹೊದಿಕೆ ಮತ್ತು ಅರ್ಥಿಂಗ್ ಅಳೆದು ತೋರಿಸಲು ಹೇಳಿ. ಅಳೆಯುವ ಗೋಜಿಗೇ ಹೋಗದೆ ಹಳೆಯದನ್ನು ಕಿತ್ತು ಹೊಸದನ್ನು ಸಿಕ್ಕಿಸಿ ಹೋಗುವವರಾದರೆ ಅವರಿಗೆ ದುಡ್ಡು ದಂಡ. ಅಷ್ಟು ಕೆಲಸವನ್ನು ಎದುರು ವಾದಿಯೇ ಪುಕ್ಕಟೆ ಮಾಡಬಲ್ಲರು.